ಉದ್ದುದ್ದ ಡಚ್ ಪದ ಬಿಡಿಸೋದು ಕಲಿಸುವ ಆರು ವಾರದ ತರಗತಿ: ದುಡ್ಡಿಗೆ ತಕ್ಕದ್ದಾ?

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಈ ವಸಂತದಲ್ಲಿ ಒಂದು ಸಂಜೆ ತರಗತಿ ಮುಗಿಸಿದೆ. ಡಚ್ ಭಾಷೆಯ ಜೋಡುಪದಗಳ ಬಗ್ಗೆ ಮಾತ್ರ ಇರುವ ತರಗತಿ. ಎರಡು, ಮೂರು, ಕೆಲವೊಮ್ಮೆ ನಾಲ್ಕು ಪದ ಅಂಟಿಕೊಂಡು ಒಂದೇ ಉದ್ದ ಪದ ಆಗುತ್ತಲ್ಲ, ಅದಕ್ಕೆ ಡಚ್ಚರು ‘ಸಾಮೆನ್‌ಸ್ಟೆಲಿಂಗ್’ ಅನ್ನುತ್ತಾರೆ. ವಾರಕ್ಕೆ ಒಂದು ಸಂಜೆ, ಎರಡು ಗಂಟೆ, ಆರು ವಾರ. ಶುಲ್ಕ 165 ಯೂರೋ, ಪುಸ್ತಕಕ್ಕೆ ಬೇರೆ 18 ಯೂರೋ. ಶಾಲೆಯ ಹೆಸರು ಹಾಕುತ್ತಿಲ್ಲ. ಇಬ್ಬರು ಮೂವರು ಸೇರಿ ನಡೆಸುವ ಚಿಕ್ಕ ಶಾಲೆ ಅದು, ಕೆಳಗೆ ನನ್ನ ದೂರುಗಳೂ ಇವೆ. ಆದರೆ ಇಂಥ ತರಗತಿಗೆ ಸೇರಬೇಕಾ ಬೇಡವಾ ಅಂತ ಯೋಚಿಸುತ್ತಿರುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬರಬಹುದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಯಾಕೆ ಸೇರಿದೆ ಅಂದರೆ, ನನ್ನ ಡಚ್ ಒಂದು ಕಡೆ ಬಂದು ನಿಂತುಬಿಟ್ಟಿತ್ತು. ಬಿಡಿ ಪದಗಳು ಗೊತ್ತು, ವಾಕ್ಯ ಕಟ್ಟಲು ಬರುತ್ತೆ, ಬಿ1, ಅಂದರೆ ಮಧ್ಯಮ ಮಟ್ಟದ ಪುಸ್ತಕ ಮುಗಿಸಿದ್ದೆ. ಆದರೆ ಮನೆಗೆ ಬರುವ ಪತ್ರ ಬಿಚ್ಚಿದರೆ ಮೊದಲ ಸಾಲಲ್ಲೇ ‘ಆನ್‌ಸ್ಪ್ರಾಕಲಕ್‌ಹೈಟ್ಸ್‌ಫರ್ಝೇಕರಿಂಗ್’ ಅಂತ ಒಂದು ಪದ. ನಮ್ಮಿಂದ ಬೇರೆಯವರಿಗೆ ನಷ್ಟ ಆದರೆ ಕಟ್ಟಿಕೊಡುವ ವಿಮೆ ಅದು, ಇಲ್ಲಿ ಹೆಚ್ಚಿನ ಮನೆಗಳಲ್ಲಿ ಇರುತ್ತೆ. ಡಚ್ ಅಕ್ಷರದಲ್ಲಿ ಎಣಿಸಿದರೆ 29. ಕಣ್ಣಿಗೆ ಎಲ್ಲಿ ಹಿಡಿಯಬೇಕು, ಬಾಯಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಗೊತ್ತಾಗುತ್ತಿರಲಿಲ್ಲ. ಫೋನಲ್ಲಿ ಈ ಪದ ಹೇಳಿದರೆ ಆ ಕಡೆಯವರು ತಕ್ಷಣ ಇಂಗ್ಲಿಷ್‌ಗೆ ಬದಲಾಯಿಸುತ್ತಿದ್ದರು. ಸಾಮಾನ್ಯ ಡಚ್ ತರಗತಿಗಳಲ್ಲಿ ಈ ವಿಷಯಕ್ಕೆ ಅರ್ಧ ಪುಟ ಸಿಗುತ್ತೆ, ಅಷ್ಟೇ. ಅದಕ್ಕೇ ಇದಕ್ಕಂತಲೇ ಆರು ವಾರ ಕೊಡುವ ಜಾಗ ಸಿಕ್ಕಾಗ ಎರಡನೇ ಯೋಚನೆ ಮಾಡಲಿಲ್ಲ.

ಮೊದಲ ವಾರ ನಮಗೆ ಸುಲಭ. ಡಚ್ ಜೋಡುಪದದಲ್ಲಿ ಕೊನೆಯ ಪದವೇ ಯಜಮಾನ. ಶಾಲೆಯಲ್ಲಿ ನಾವು ಓದಿದ ತತ್ಪುರುಷ ಸಮಾಸ ನೆನಪಿದೆಯಲ್ಲ, ಉತ್ತರಪದದ ಅರ್ಥವೇ ಮುಖ್ಯ ಅಂತ, ಹಾಗೆಯೇ ಇದು. ‘ತಲೆನೋವು’ ಒಂದು ಬಗೆಯ ನೋವು, ತಲೆ ಅಲ್ಲ. ‘ಫೀಟ್ಸ್‌ಪಟ್’ ಅಂದರೆ ಸೈಕಲ್ ದಾರಿ, ಅದು ಒಂದು ಬಗೆಯ ದಾರಿ. ಆದರೆ ಡಚ್‌ನಲ್ಲಿ ಈ ಯಜಮಾನಿಕೆ ಅರ್ಥಕ್ಕೆ ಮುಗಿಯುವುದಿಲ್ಲ. ನಾಮಪದದ ಮುಂದೆ ಬರುವ ‘ಡೆ’, ‘ಹೆಟ್’ ಎರಡರಲ್ಲಿ ಯಾವುದು ಬರಬೇಕು ಅಂತ ತೀರ್ಮಾನ ಮಾಡುವುದೂ ಕೊನೆಯ ಪದವೇ. ಸೈಕಲ್ ‘ಡೆ ಫೀಟ್ಸ್’, ದಾರಿ ‘ಹೆಟ್ ಪಟ್’, ಹಾಗಾಗಿ ‘ಹೆಟ್ ಫೀಟ್ಸ್‌ಪಟ್’. ಶಾಲೆ ‘ಡೆ ಸ್ಖೋಲ್’, ಆದರೆ ಶಾಲೆಯ ಅಂಗಳ ‘ಹೆಟ್ ಸ್ಖೋಲ್‌ಪ್ಲೈನ್’. ಪುಸ್ತಕ ‘ಹೆಟ್ ಬುಕ್’, ಪುಸ್ತಕದ ಅಂಗಡಿ ‘ಡೆ ಬುಕ್‌ವಿಂಕಲ್’. ಬಹುವಚನವೂ ಕೊನೆಯ ಪದದ್ದೇ. ‘ಪಟ್’ ಬಹುವಚನದಲ್ಲಿ ‘ಪಾಡನ್’ ಅಂತ ದೀರ್ಘ ಆಗುತ್ತೆ, ಅದಕ್ಕೆ ‘ಫೀಟ್ಸ್‌ಪಾಡನ್’. ನಾನು ಎರಡು ವರ್ಷ ಒಂದೊಂದು ಉದ್ದ ಪದಕ್ಕೂ ‘ಡೆ’ನಾ ‘ಹೆಟ್’ಟಾ ಅಂತ ಬೇರೆ ಬೇರೆ ಬಾಯಿಪಾಠ ಮಾಡುತ್ತಿದ್ದೆ. ಕೊನೆಯ ಪದ ಒಂದು ನೋಡಿಕೊಂಡರೆ ಸಾಕು ಅಂತ ಗೊತ್ತಾದಾಗ ಎಷ್ಟು ಹಗುರ ಆಯಿತು ಗೊತ್ತಾ!

ಬಹುವ್ರೀಹಿ ಥರದ್ದೂ ಇವೆ, ಕಡಿಮೆ. ಎದೆ ಕೆಂಪಗಿರುವ ಪುಟ್ಟ ಹಕ್ಕಿಗೆ ‘ರೋಟ್‌ಬೊರ್ಸ್ಟ್ಯೆ’ ಅನ್ನುತ್ತಾರೆ, ಅಂದರೆ ಕೆಂಪೆದೆ. ನಮ್ಮ ‘ಮುಕ್ಕಣ್ಣ’ನ ಹಾಗೆ, ಎರಡೂ ಪದ ಬಿಟ್ಟು ಮೂರನೆಯದನ್ನು ಹೇಳುತ್ತೆ. ಟೀಚರ್ ಇದನ್ನು ಎರಡು ನಿಮಿಷದಲ್ಲಿ ಮುಗಿಸಿದರು. ಅಷ್ಟು ಸಾಕು.

ಎರಡನೇ ವಾರ ಬರವಣಿಗೆ. ಇಲ್ಲಿ ಒಂದೇ ಒಂದು ನಿಯಮ: ಸೇರಿಸಿ ಬರೆಯಿರಿ. ನಡುವೆ ಜಾಗ ಬಿಡಬಾರದು. ಜಾಗ ಬಿಟ್ಟು ಬರೆಯುವುದನ್ನು ಇಲ್ಲಿಯವರು ‘ಎಂಗಲ್ಸ ಝೀಕ್ಟ’, ಅಂದರೆ ಇಂಗ್ಲಿಷ್ ಕಾಯಿಲೆ, ಅಂತ ಕರೆಯುತ್ತಾರೆ. ಅಂಗಡಿ ಬೋರ್ಡುಗಳಲ್ಲಿ ಈ ತಪ್ಪು ತುಂಬಾ ಕಾಣುತ್ತೆ. ಜಾಗ ಬಿಟ್ಟರೆ ಸುಮ್ನೆ ಕಾಗುಣಿತ ತಪ್ಪು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ, ಅರ್ಥವೇ ಬೇರೆ ಆಗಬಹುದು. ‘ರೋಡವೈನ್‌ಖ್ಲಾಸ್’ ಅಂತ ಪೂರ್ತಿ ಸೇರಿಸಿದರೆ ಕೆಂಪು ವೈನ್ ಕುಡಿಯುವ ಲೋಟ. ‘ರೋಡ ವೈನ್‌ಖ್ಲಾಸ್’ ಅಂತ ಬಿಡಿಸಿದರೆ ವೈನ್ ಲೋಟವೇ ಕೆಂಪು. ಹಾಗೇ ದೂರದ ಓಟದ ಓಟಗಾರ ‘ಲಾಂಗಆಫ್‌ಸ್ಟಾಂಟ್ಸ್‌ಲೋಪರ್’. ‘ಲಾಂಗ’ ಬೇರೆ ಮಾಡಿದರೆ ಎತ್ತರದ ಓಟಗಾರ. ಟೀಚರ್ ಈ ಎರಡು ಜೋಡಿಯನ್ನು ಬೋರ್ಡಿನಲ್ಲಿ ಬರೆದು, ನಮ್ಮ ಹತ್ತಿರ ಚಿತ್ರ ಬರೆಸಿದರು. ನಮ್ಮಲ್ಲಿ ಪೋಲೆಂಡ್, ಸಿರಿಯಾ, ಬ್ರೆಝಿಲ್ ಕಡೆಯವರಿದ್ದರು, ಚಿತ್ರ ನೋಡಿದ ಮೇಲೆ ಯಾರಿಗೂ ಮತ್ತೆ ವಿವರಣೆ ಬೇಕಾಗಲಿಲ್ಲ.

ಅಡ್ಡಗೆರೆ ಯಾವಾಗ ಬರುತ್ತೆ ಅನ್ನುವುದನ್ನೂ ಅದೇ ದಿನ ಹೇಳಿದರು. ಎರಡು ಪದ ಸೇರುವ ಕಡೆ ಸ್ವರಗಳು ಡಿಕ್ಕಿ ಹೊಡೆದು ತಪ್ಪು ಓದುವ ಹಾಗಿದ್ದರೆ ಗೆರೆ. ಸಮುದ್ರದ ಮುಳ್ಳು ಜೀವಿ ‘ಝೇ-ಏಖಲ್’ ಬರೆಯುವಾಗ ನಡುವೆ ಗೆರೆ ಬೇಕು, ಇಲ್ಲದಿದ್ದರೆ ಮೂರು ‘ಇ’ ಅಕ್ಷರ ಸಾಲಾಗಿ ನಿಲ್ಲುತ್ತವೆ. ಕಡಲ ಹದ್ದು ‘ಝೇಆರಂಟ್’ಗೆ ಗೆರೆ ಬೇಡ, ಅಲ್ಲಿ ತಪ್ಪು ಓದಲು ಆಗುವುದಿಲ್ಲ. ಇದು ನಮಗೆ ಸಂಧಿಯ ನೆನಪು ತರುತ್ತೆ. ನಾವಾದರೆ ನಡುವೆ ಒಂದು ‘ಯ’ವೋ ‘ವ’ವೋ ತಂದು ಬಿಡುತ್ತೇವೆ, ಅವರು ಗೆರೆ ಎಳೆಯುತ್ತಾರೆ.

ಮೂರನೇ ವಾರಕ್ಕೆ ಬಂದಾಗ ನನ್ನ ಮೊದಲ ದೂರು.

ಎರಡು ಪದಗಳ ನಡುವೆ ಡಚ್‌ನಲ್ಲಿ ಒಂದು ಅಂಟು ಬರುತ್ತೆ. ಅದಕ್ಕೆ ‘ಟಸ್ಸನ್‌ಕ್ಲಾಂಕ್’, ನಡುವಿನ ಧ್ವನಿ, ಅನ್ನುತ್ತಾರೆ. ಕೆಲವಕ್ಕೆ ‘ಎಸ್’, ಕೆಲವಕ್ಕೆ ‘ಇಎನ್’ ಇಲ್ಲವೇ ಬರೀ ‘ಇ’, ಇನ್ನು ಕೆಲವಕ್ಕೆ ‘ಇಆರ್’. ಮಕ್ಕಳ ಪುಸ್ತಕ ‘ಕಿಂಡರ್‌ಬುಕ್’ನಲ್ಲಿ ಆ ‘ಇಆರ್’ ಹಳೆಯ ಬಹುವಚನದ ಗುರುತು. ‘ಎಸ್’ಗೆ ಸಾಮಾನ್ಯವಾಗಿ ಕಿವಿಯೇ ಅಳತೆ: ಕೇಳಿಸಿದರೆ ಬರೆಯಿರಿ. ‘ಸ್ಟಾಸಿಯೊನ್ಸ್‌ಪ್ಲೈನ್’, ಅಂದರೆ ನಿಲ್ದಾಣದ ಚೌಕ, ಅದರಲ್ಲಿ ‘ಎಸ್’ ಸ್ಪಷ್ಟ ಕೇಳುತ್ತೆ. ‘ಸ್ಟಾಸಿಯೊನ್ಸ್‌ಸ್ಟ್ರಾಟ್’ನಲ್ಲಿ ಎರಡು ‘ಎಸ್’ ಬೆರೆತು ಒಂದೇ ಕೇಳುತ್ತೆ. ಆಗ ಅದೇ ಕುಟುಂಬದ ಇನ್ನೊಂದು ಪದ ನೋಡಿ ನಿರ್ಧಾರ ಮಾಡಬೇಕು. ಚೌಕಕ್ಕೆ ‘ಎಸ್’ ಇದೆ, ಹಾಗಾಗಿ ಬೀದಿಗೂ ಎರಡು ‘ಎಸ್’ ಬರೆಯಬೇಕು. ಮೊದಲ ಪದ ‘ಹೈಟ್’ ಅಂತ ಮುಗಿದರೆ ಹೆಚ್ಚುಕಮ್ಮಿ ಯಾವಾಗಲೂ ‘ಎಸ್’ ಬರುತ್ತೆ, ಆ ವಿಮೆಯ ಪದದಲ್ಲಿ ಆದ ಹಾಗೆ. ಆದರೆ ‘ಇಂಗ್’ ಅಂತ ಮುಗಿಯುವ ಪದಗಳನ್ನು ನಂಬುವಂತಿಲ್ಲ. ತೆರಿಗೆ ಇಲಾಖೆ ‘ಬೆಲಾಸ್ಟಿಂಗ್‌ಡೀನ್ಸ್ಟ್’ಗೆ ‘ಎಸ್’ ಇಲ್ಲ, ವಿಮಾ ಕಂಪನಿಗೆ ಇದೆ. ಶಬ್ದದ ಕಿರಿಕಿರಿಗೆ ‘ಖೆಲಾಯ್ಟ್‌ಹಿಂಡರ್’, ‘ಖೆಲಾಯ್ಟ್ಸ್‌ಹಿಂಡರ್’ ಎರಡೂ ಸರಿ. ಎರಡೂ ಸರಿ ಇರಬಹುದು ಅಂತ ಟೀಚರ್ ಧೈರ್ಯವಾಗಿ ಹೇಳಿದ್ದು ನನಗೆ ಇಷ್ಟ ಆಯಿತು.

‘ಇಎನ್’ ವಿಷಯ ಮಾತ್ರ ಕಿವಿಗೆ ಸಿಗುವುದಿಲ್ಲ. ದೋಸೆಯಂಥ ತಿಂಡಿ ‘ಪನ್ನಕುಕ್’ ಅಂತ ಕೇಳುತ್ತೆ, ಬರೆಯುವಾಗ ನಡುವೆ ‘ಎನ್’ ಹಾಕಬೇಕು. 1995ರ ಕಾಗುಣಿತ ಪರಿಷ್ಕರಣೆಗೆ ಮೊದಲು ಹಾಕುತ್ತಿರಲಿಲ್ಲ. ಆಮೇಲೆ ಬಂದ ನಿಯಮ ಹೀಗೆ: ಮೊದಲ ಪದದ ಬಹುವಚನ ‘ಇಎನ್’ನಲ್ಲಿ ಮಾತ್ರ ಮುಗಿದರೆ ‘ಇಎನ್’ ಬರೆಯಿರಿ. ಬಹುವಚನ ‘ಎಸ್’ನಲ್ಲೂ ಆಗುವಂತಿದ್ದರೆ ಬರೀ ‘ಇ’. ಇದಕ್ಕೆ ಹೊರತಾದವು ಇವೆ. ಸೂರ್ಯ ಒಬ್ಬನೇ, ಹಾಗಾಗಿ ಬಿಸಿಲು ‘ಝೊನ್ನಸ್ಖೈನ್’ಗೆ ‘ಎನ್’ ಇಲ್ಲ. ರಾಣಿಯ ದಿನ ‘ಕೋನಿಂಗಿನ್ನಡಾಖ್’ಗೂ ಇರಲಿಲ್ಲ. 2014ರಿಂದ ಅದು ರಾಜನ ದಿನ ಆಗಿ, ‘ಕೋನಿಂಗ್ಸ್‌ಡಾಖ್’ ಅಂತ ‘ಎಸ್’ಗೆ ಬದಲಾಯಿತು, ತಾರೀಕೂ ಏಪ್ರಿಲ್ 30ರಿಂದ 27ಕ್ಕೆ ಬಂತು. ಇಷ್ಟೂ ಪುಸ್ತಕದಲ್ಲಿ ಚೆನ್ನಾಗಿ ಕೊಟ್ಟಿದ್ದಾರೆ.

ತೊಂದರೆ ಎಲ್ಲಿ ಅಂದರೆ, ಅದೇ ಪುಟದಲ್ಲಿ ಇನ್ನೊಂದು ಹೊರತಾದ ನಿಯಮ ಕೊಟ್ಟಿದ್ದಾರೆ: ಮೊದಲ ಪದ ಪ್ರಾಣಿ, ಎರಡನೆಯದು ಗಿಡ ಆಗಿದ್ದರೆ ‘ಎನ್’ ಬೇಡ ಅಂತ. ಉದಾಹರಣೆ ‘ಪಾರ್ಡಬ್ಲೂಮ್’, ಹುಲ್ಲಿನ ನಡುವೆ ಹಳದಿಯಾಗಿ ಅರಳುವ ಡ್ಯಾಂಡೆಲಿಯನ್ ಹೂವು, ಪದಶಃ ಕುದುರೆ ಹೂವು. ಈ ನಿಯಮ 1995ರಲ್ಲಿ ಇತ್ತು ನಿಜ. 2005ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದುಹಾಕಿದರು, 2006ರ ಆಗಸ್ಟ್‌ನಿಂದ ಆ ಹೂವಿಗೂ ‘ಎನ್’ ಬಂತು. ಅಂದರೆ ನಾನು 18 ಯೂರೋ ಕೊಟ್ಟು ತೆಗೆದುಕೊಂಡ ಪುಸ್ತಕ ಎಷ್ಟೋ ವರ್ಷದಿಂದ ತಿದ್ದದೇ ಮುದ್ರಿಸುತ್ತಿರುವ ಪುಸ್ತಕ. ಕಾಗುಣಿತ ಕಲಿಸುವ ಪುಸ್ತಕದಲ್ಲೇ ಇದು ಆಗಬಾರದು. ಪರೀಕ್ಷೆ ಬರೆಯುವವರು ಇದನ್ನೇ ನಂಬಿದರೆ ಅಂಕ ಹೋಗುತ್ತೆ, ಅಲ್ವಾ? ನಾನು ಟೀಚರ್‌ಗೆ ತೋರಿಸಿದೆ. ಅವರು ಒಪ್ಪಿಕೊಂಡು ಅಲ್ಲೇ ಎಲ್ಲರ ಹತ್ತಿರ ತಿದ್ದಿಸಿದರು. ಕಚೇರಿಗೆ ಬರೆದ ಮೇಲ್‌ಗೆ ಮಾತ್ರ ಇವತ್ತಿನವರೆಗೆ ಉತ್ತರ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಗುಣಿತಕ್ಕೆ ನೀವು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ‘ಖ್ರೂನ ಬುಕ್ಯ’, ಹಸಿರು ಪುಸ್ತಕ ಅಂತ ಕರೆಯುವ ಅಧಿಕೃತ ಪದಪಟ್ಟಿ 1954ರಿಂದ ಇದೆ. ಡಚ್ ಭಾಷಾ ಒಕ್ಕೂಟ ‘ಟಾಲ್‌ಯೂನಿ’ ಅದನ್ನು ನೋಡಿಕೊಳ್ಳುತ್ತೆ, ವೂರ್ಡನ್‌ಲೈಸ್ಟ್ ಅನ್ನುವ ಅವರ ತಾಣದಲ್ಲಿ ಪುಕ್ಕಟೆ ಹುಡುಕಬಹುದು. ಪದ ಹಾಕಿದರೆ ‘ಡೆ’ನಾ ‘ಹೆಟ್’ಟಾ, ಬಹುವಚನ ಏನು, ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕು ಎಲ್ಲಾ ತೋರಿಸುತ್ತೆ. ಸರ್ಕಾರಿ ಕಚೇರಿ ಮತ್ತು ಶಾಲೆಗಳು ಪಾಲಿಸಬೇಕಾದ ಕಾಗುಣಿತ ಅದೇ. ಹಾಗಾಗಿ ಮೂರನೇ ವಾರದ ಪಾಠ ತಪ್ಪಿಸಿಕೊಂಡರೂ ನಷ್ಟ ಇಲ್ಲ.

ನಾಲ್ಕನೇ ವಾರ ತಪ್ಪಿಸಬೇಡಿ. ಕೊಟ್ಟ ದುಡ್ಡೆಲ್ಲಾ ನನಗೆ ಆ ಎರಡು ಗಂಟೆಯಲ್ಲಿ ವಾಪಸ್ ಬಂತು.

ಅವತ್ತಿನ ವಿಷಯ ಉಚ್ಚಾರದಲ್ಲಿ ಪದ ಎಲ್ಲಿ ಮುರಿಯುತ್ತೆ ಅನ್ನುವುದು. ಡಚ್‌ನಲ್ಲಿ ಪದದ ಕೊನೆಗೆ ‘ಡ’, ‘ಬ’, ‘ಝ’ ನಿಲ್ಲುವುದಿಲ್ಲ, ‘ಟ’, ‘ಪ’, ‘ಸ’ ಆಗಿಬಿಡುತ್ತವೆ. ಸಂಜೆ ‘ಆವೊಂಟ್’ ಅಂತ ಹೇಳುತ್ತಾರೆ, ಬರೆಯುವುದು ‘ಡಿ’ ಹಾಕಿ. ಬಹುವಚನ ಮಾಡಿದರೆ ‘ಆವೊಂಡನ್’, ‘ಡ’ ಮತ್ತೆ ಹೊರಬರುತ್ತೆ, ಯಾಕಂದರೆ ಈಗ ಅದು ಮುಂದಿನ ಅಕ್ಷರದ ಶುರುವಿಗೆ ಹೋಯಿತು. ಈಗ ರಾತ್ರಿ ಊಟ, ಸಂಜೆ ಪ್ಲಸ್ ಊಟ. ಅದಕ್ಕೆ ‘ಆವೊಂಡೇಟನ್’ ಅನ್ನಬೇಕಾ? ನಾನು ಹಾಗೇ ಅನ್ನುತ್ತಿದ್ದೆ, ಮುಂದೆ ಸ್ವರ ಇದೆಯಲ್ಲ ಅಂತ. ತಪ್ಪು. ಅದು ‘ಆವೊಂಟ್’, ‘ಏಟನ್’. ಜೋಡುಪದದ ಒಳಗೂ ಮೊದಲ ಪದ ತನ್ನ ಗಡಿ ಬಿಟ್ಟುಕೊಡುವುದಿಲ್ಲ. ಅಲ್ಲಿ ಪದ ಮುಗಿಯಿತು ಅನ್ನುವ ಹಾಗೇ ‘ಟ’ ಆಗುತ್ತೆ. ಮನೆ ‘ಹಾಯ್ಸ್’, ಮನೆಗಳು ‘ಹಾಯ್ಝನ್’, ಆದರೆ ಮನೆ ಡಾಕ್ಟರ್ ‘ಹಾಯ್ಸ್‌ಆರ್ಟ್ಸ್’, ‘ಝ’ ಇಲ್ಲ. ಬರೆಯುವಾಗ ಸಾಲಿನ ಕೊನೆಗೆ ಮುರಿಯುವ ಜಾಗವೂ ಇದೇ ಗಡಿ. ಕಾಡಿನ ಗೂಬೆ ‘ಬೊಸ್‌ಆಯ್ಲ್’ ಅನ್ನು ‘ಬೊಸ್’ ಆದ ಮೇಲೆ ಮುರಿಯಬೇಕು. ‘ಎಸ್’ ಅನ್ನು ಕೆಳಗಿನ ಸಾಲಿಗೆ ತಳ್ಳುವಂತಿಲ್ಲ.

ಆಮೇಲೆ ಟೀಚರ್ ಕರವಸ್ತ್ರ ತೆಗೆದರು. ‘ಝಕ್’ ಅಂದರೆ ಜೇಬು, ‘ಡುಕ್’ ಅಂದರೆ ಬಟ್ಟೆ. ಎರಡೂ ಸೇರಿದರೆ ಬರೆಯುವುದು ‘ಕೆ’ ಹಾಕಿ, ಹೇಳುವುದು ‘ಝಗ್ಡುಕ್’. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ವಾಕ್ ಪ್ಲಸ್ ದೇವಿ, ವಾಗ್ದೇವಿ! ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಜಶ್ತ್ವ ಸಂಧಿ ಅದು. ‘ಕ’ದ ಮುಂದೆ ‘ದ’ ಬಂದರೆ ‘ಕ’ ಹೋಗಿ ‘ಗ’. ಬೂದಿ ತಟ್ಟೆ ‘ಅಸ್’ ಪ್ಲಸ್ ‘ಬಕ್’, ‘ಅಝ್ಬಕ್’. ಕಾಲ್ಚೆಂಡು ‘ಫುಟ್’ ಪ್ಲಸ್ ‘ಬಲ್’, ‘ಫುಡ್ಬಲ್’. ಡಚ್‌ನ ತನ್ನದೇ ಪದಗಳಲ್ಲಿ ನಮ್ಮ ‘ಗ’ಕಾರ ಬೇರೆ ಕಡೆ ಇರುವುದೇ ಇಲ್ಲ, ಅವರು ‘ಜಿ’ ಅಕ್ಷರವನ್ನು ಗಂಟಲಿನಿಂದ ಹೇಳುತ್ತಾರೆ. ಹೀಗೆ ಎರಡು ಪದ ಸೇರುವ ಕಡೆ ಮಾತ್ರ ನಮ್ಮ ‘ಗ’ ಬಂದು ಹೋಗುತ್ತೆ. ಒಂದೇ ವ್ಯತ್ಯಾಸ ನೆನಪಿಡಿ. ನಮ್ಮಲ್ಲಿ ಮುಂದೆ ಸ್ವರ ಬಂದರೂ ಜಶ್ತ್ವ ಆಗುತ್ತೆ, ದಿಕ್ ಪ್ಲಸ್ ಅಂತ ಸೇರಿ ದಿಗಂತ. ಡಚ್‌ನಲ್ಲಿ ಮುಂದೆ ಸ್ವರ ಬಂದರೆ ಆಗುವುದಿಲ್ಲ, ಈಗ ತಾನೇ ಹೇಳಿದ ‘ಆವೊಂಟ್‌ಏಟನ್’ ನೋಡಿ. ಮುಂದೆ ‘ಬ’, ‘ಡ’ ಇದ್ದಾಗ ಮಾತ್ರ. ತರಗತಿಯಲ್ಲಿ ಬೇರೆಯವರು ಇದಕ್ಕೆ ಅರ್ಧ ಗಂಟೆ ಒದ್ದಾಡಿದರು, ನನಗೆ ಕ್ಷಣದಲ್ಲಿ ಹಿಡಿಯಿತು. ನಮ್ಮ ಕನ್ನಡ ಮೇಷ್ಟ್ರಿಗೆ ಮನಸ್ಸಲ್ಲೇ ನಮಸ್ಕಾರ ಹೇಳಿದೆ.

ಎರಡನೇ ಗಂಟೆ ಪೂರ್ತಿ ಎರಡು ಥರ ಬಿಡಿಸಬಹುದಾದ ಪದಗಳು. ಅಂಗಡಿಯಲ್ಲಿ ಪುಟಾಣಿ ಟೊಮೆಟೊ ಡಬ್ಬಿ ಮೇಲೆ ಇರುವ ಪದ ನೋಡಿ. ‘ಕೆರ್ಸ್’ ಅಂದರೆ ಚೆರ್ರಿ, ಅದಕ್ಕೆ ಪುಟ್ಟ ಟೊಮೆಟೊ ಸೇರಿಸಿದರೆ ಚೆರ್ರಿ ಟೊಮೆಟೊ. ಒಂದು ಅಕ್ಷರ ಆಚೆ ಮುರಿದರೆ ‘ಕೆರ್ಸ್ಟ್’, ಅಂದರೆ ಕ್ರಿಸ್‌ಮಸ್, ಉಳಿದದ್ದು ‘ಓಮಾಟ್ಯ’, ಅಂದರೆ ಪುಟ್ಟ ಅಜ್ಜಿ! ಬಾಂಬ್ ಇದೆ ಅನ್ನುವ ದೂರು ‘ಬೊಮ್‌ಮೆಲ್ಡಿಂಗ್’. ಓದಲು ಹೊಸಬರಾದರೆ ‘ಬೊಮ್ಮಲ್‌ಡಿಂಗ್’ ಅಂತ ಏನೋ ಒಂದು ವಸ್ತುವಿನ ಹೆಸರು ಅಂದುಕೊಳ್ಳುತ್ತಾರೆ. ಮಸಾಜ್ ಮಾಡುವ ಮಂಚದ ಪದವನ್ನೇ ಬೇರೆ ಕಡೆ ಮುರಿದರೆ ಸಾಮೂಹಿಕ ಪ್ರಾರ್ಥನೆ. ಕಾಲು ಸುತ್ತುಗಳು ‘ಕ್ವಾರ್ಟ್‌ಸ್ಲಾಖನ್’, ಸ್ಫಟಿಕದ ಪದರಗಳು ‘ಕ್ವಾರ್ಟ್ಸ್‌ಲಾಖನ್’, ಡಚ್ ಅಕ್ಷರದಲ್ಲಿ ಎರಡೂ ಒಂದೇ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ನಾನು ಟಿಪ್ಪಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಡಚ್ ಅಕ್ಷರದಲ್ಲಿ ಆ ಟೊಮೆಟೊ ಪದವನ್ನು ಎಲ್ಲೂ ಮುರಿಯದೆ ಬರೆಯಬಹುದು, ಗೊಂದಲ ಹಾಗೇ ಉಳಿಯುತ್ತೆ. ಕನ್ನಡದಲ್ಲಿ ಬರೆಯಲು ಹೋದರೆ ಆಗುವುದಿಲ್ಲ. ‘ಸ್’ ಅಂತ ಅರ್ಧಾಕ್ಷರ ನಿಲ್ಲಿಸಿ ‘ಟೊ’ ಶುರು ಮಾಡಬೇಕಾ, ‘ಸ್ಟ್’ ಅಂತ ಒತ್ತಕ್ಷರ ಮುಗಿಸಿ ‘ಓ’ ಬರೆಯಬೇಕಾ, ಕೈ ನಿರ್ಧಾರ ಮಾಡಲೇಬೇಕು. ‘ಕೆರ್ಸ್‌ಟೊಮಾಟ್ಯ’, ‘ಕೆರ್ಸ್ಟ್‌ಓಮಾಟ್ಯ’, ನೋಡಿದರೇ ಗೊತ್ತಾಗುತ್ತೆ. ಅವತ್ತಿನಿಂದ ಯಾವ ಉದ್ದ ಡಚ್ ಪದ ಸಿಕ್ಕರೂ ಮೊದಲು ಕನ್ನಡದಲ್ಲಿ ಬರೆದು ನೋಡುತ್ತೇನೆ. ಎಲ್ಲಿ ಅರ್ಧಾಕ್ಷರ ಬರುತ್ತೋ ಅಲ್ಲಿ ಪದದ ಗಡಿ. ಇದನ್ನು ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ, ಆದರೆ ಆ ಪಾಠ ಇಲ್ಲದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

ಐದನೇ ವಾರ ಒತ್ತು. ಒತ್ತು ಅಂದರೆ ಯಾವ ಅಕ್ಷರಕ್ಕೆ ಬಲ ಕೊಟ್ಟು ಹೇಳಬೇಕು ಅನ್ನುವುದು. ಕನ್ನಡಿಗರಿಗೆ ಕಷ್ಟ ಇರುವುದೇ ಇಲ್ಲಿ, ಯಾಕಂದರೆ ನಾವು ಹೆಚ್ಚುಕಮ್ಮಿ ಎಲ್ಲಾ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಮಾತಾಡುತ್ತೇವೆ, ಒತ್ತು ಬದಲಾದರೆ ನಮ್ಮಲ್ಲಿ ಅರ್ಥ ಬದಲಾಗುವುದಿಲ್ಲ. ಡಚ್‌ನಲ್ಲಿ ಬದಲಾಗುತ್ತೆ. ‘ಫೋರ್‌ನಾಮ್’ ಅಂತ ಮೊದಲಿಗೆ ಒತ್ತಿದರೆ ನಿಮ್ಮ ಹೆಸರು, ಮನೆತನದ ಹೆಸರಲ್ಲ, ಮೊದಲ ಹೆಸರು. ಕೊನೆಗೆ ಒತ್ತಿದರೆ ‘ಗಣ್ಯ’ ಅನ್ನುವ ಗುಣವಾಚಕ.

ನಿಯಮ ಸರಳ: ಜೋಡುಪದದಲ್ಲಿ ಮುಖ್ಯ ಒತ್ತು ಮೊದಲ ಪದಕ್ಕೆ, ಎರಡನೆಯದಕ್ಕೆ ಚಿಕ್ಕ ಒತ್ತು. ಅಂದರೆ ಅರ್ಥದಲ್ಲಿ ಯಜಮಾನ ಕೊನೆಯವನು, ಧ್ವನಿಯಲ್ಲಿ ಯಜಮಾನ ಮೊದಲಿನವನು. ಆದರೆ ‘ಮೊದಲ ಪದ’ ಅಂದರೆ ‘ಮೊದಲ ಅಕ್ಷರ’ ಅಲ್ಲ, ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ಮೊದಲ ಪದ ಒಂಟಿಯಾಗಿದ್ದಾಗ ಅದರ ಒತ್ತು ಎಲ್ಲಿರುತ್ತೋ ಅಲ್ಲೇ ಇಡಬೇಕು. ಆರೋಗ್ಯ ‘ಖೆಝೊಂಟ್‌ಹೈಟ್’, ಬಲ ‘ಝೊಂಟ್’ ಮೇಲೆ. ಆರೋಗ್ಯ ಸೇವೆ ಅಂತ ಉದ್ದ ಆದರೂ ಬಲ ಅಲ್ಲೇ. ಆ 29 ಅಕ್ಷರದ ವಿಮೆಯಲ್ಲಿ ಬಲ ‘ಸ್ಪ್ರಾ’ ಮೇಲೆ. ಅದನ್ನು ಜೋರಾಗಿ ಹೇಳಿ ಉಳಿದದ್ದನ್ನು ಹಗುರವಾಗಿ ಬಿಟ್ಟರೆ ಸಾಕು, ಪದ ಬಾಯಿಂದ ತಾನೇ ಉರುಳುತ್ತೆ. ನಾನು ಎಲ್ಲಾ ಅಕ್ಷರಕ್ಕೂ ಬಲ ಹಾಕುತ್ತಿದ್ದೆ, ಅದಕ್ಕೇ ಅರ್ಧದಲ್ಲೇ ಉಸಿರು ಮುಗಿಯುತ್ತಿತ್ತು.

ನಿಯಮ ಮೀರುವ ಪದಗಳೇ ದಿನಾ ಬೇಕಾದವು. ನಗರಸಭೆ ‘ಸ್ಟಟ್‌ಹಾಯ್ಸ್’ಗೆ ಬಲ ಕೊನೆಗೆ. ಹೊಸ ವರ್ಷ ‘ನ್ಯೂಯಾರ್’ಗೂ ಕೊನೆಗೆ. ತರಕಾರಿ ನೋಡಿ, ಹೂಕೋಸು ‘ಬ್ಲೂಮ್‌ಕೋಲ್’ಗೆ ಬಲ ಮೊದಲಿಗೆ, ಆದರೆ ಕೆಂಪು ಕೋಸು ‘ರೋಡಕೋಲ್’, ಇಲ್ಲಿಯ ಚಳಿಗಾಲದ ‘ಬೂರನ್‌ಕೋಲ್’ ಎರಡಕ್ಕೂ ಬಲ ಕೊನೆಯ ‘ಕೋಲ್’ ಮೇಲೆ. ಊರುಗಳಲ್ಲೂ ಹಾಗೇ. ಐಂಡ್‌ಹೋವನ್‌ಗೆ ಮೊದಲಿಗೆ, ಆದರೆ ಆಮ್‌ಸ್ಟರ್‌ಡಾಮ್, ರಾಟರ್‌ಡಾಮ್, ಝೂಟರ್‌ಮೇರ್, ನಮ್ಮವರು ಜಾಸ್ತಿ ಇರುವ ಆಮ್‌ಸ್ಟಲ್‌ವೇನ್, ಎಲ್ಲಕ್ಕೂ ಕೊನೆಗೆ. ಆಮ್‌ಸ್ಟರ್‌ಡಾಮ್‌ನ ಬೀದಿ ಹೆಸರುಗಳಲ್ಲಿ ‘ಕಾಲ್ವರ್‌ಸ್ಟ್ರಾಟ್’ಗೆ ಬಲ ಮೊದಲ ತುದಿಗೆ, ‘ಕೈಝರ್ಸ್‌ಖ್ರಖ್ಟ್’ ಕಾಲುವೆಗೆ ಕೊನೆಯ ‘ಖ್ರಖ್ಟ್’ಗೆ.

ಇಷ್ಟು ಮುಖ್ಯವಾದ ವಿಷಯಕ್ಕೆ ಒಂದೇ ವಾರ ಕೊಟ್ಟಿದ್ದಾರೆ, ಇದು ನನ್ನ ಎರಡನೇ ದೂರು. ಕೊನೆಗೆ ಬಲ ಬರುವ ಪದಗಳ ಪಟ್ಟಿ ಪುಸ್ತಕದಲ್ಲಿ ಇಲ್ಲ, ಟೀಚರ್ ಬಾಯಲ್ಲಿ ಹೇಳಿದ್ದನ್ನು ನಾವೇ ಬರೆದುಕೊಂಡೆವು. ಅದಕ್ಕಿಂತ ಬೇಜಾರು ಅವರ ಫೋನ್ ಆ್ಯಪ್. ಪದ ತೋರಿಸುತ್ತೆ, ಒತ್ತು ಇರುವ ಅಕ್ಷರದ ಮೇಲೆ ಬೆರಳು ಇಡಬೇಕು. ನಾನು ‘ಸ್ಟಟ್‌ಹಾಯ್ಸ್’ಗೆ ಸರಿಯಾಗಿ ಕೊನೆಗೆ ಇಟ್ಟರೆ ಕೆಂಪು ದೀಪ ಬರುತ್ತೆ. ‘ಬೂರನ್‌ಕೋಲ್’ಗೂ ಕೆಂಪು. ಯಾರೋ ಎಲ್ಲಾ ಜೋಡುಪದಕ್ಕೂ ಮೊದಲ ಪದವೇ ಸರಿ ಅಂತ ಒಂದೇ ಉತ್ತರ ತುಂಬಿಬಿಟ್ಟಿದ್ದಾರೆ. ಸರಿ ಹೇಳಿದವರನ್ನು ತಪ್ಪು ಅನ್ನುವ ಆ್ಯಪ್ ಇಲ್ಲದಿರುವುದೇ ವಾಸಿ. ಕಿವಿಯಲ್ಲಿ ಕೂತ ಒತ್ತನ್ನು ಆಮೇಲೆ ಬದಲಾಯಿಸುವುದು ತುಂಬಾ ಕಷ್ಟ, ಹಾಗಾಗಿ ಅದನ್ನು ಫೋನಿನಿಂದ ತೆಗೆದುಹಾಕಿದೆ.

ಆರನೇ ವಾರ ಟೀಚರ್‌ಗೆ ಹುಷಾರಿಲ್ಲ ಅಂತ ತರಗತಿ ರದ್ದಾಯಿತು. ಬದಲಿ ದಿನ ಕೊಟ್ಟರು, ಅದು ಬೆಳಗ್ಗೆ ಹತ್ತಕ್ಕೆ, ಕೆಲಸಕ್ಕೆ ಹೋಗುವವರಿಗೆ ಆಗುವುದಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ ನಿಯಮದಲ್ಲಿ ಇಲ್ಲ ಅಂದರು. ಹುಷಾರು ತಪ್ಪುವುದು ಯಾರ ಕೈಯಲ್ಲೂ ಇಲ್ಲ, ಅದಕ್ಕೆ ನನಗೆ ಸಿಟ್ಟಿಲ್ಲ. ಸಂಜೆ ತರಗತಿಗೆ ಸಂಜೆಯೇ ಬದಲಿ ಕೊಡಬೇಕಿತ್ತು. ನಾನು ರಜೆ ಹಾಕಿ ಹೋದೆ, ನಾಲ್ಕೇ ಜನ ಇದ್ದೆವು. ಹೋಗಿದ್ದು ಒಳ್ಳೆಯದೇ ಆಯಿತು. ಪ್ರತಿಯೊಬ್ಬರೂ ತಮ್ಮ ಮನೆಗೆ ಬಂದ ನಿಜವಾದ ಪತ್ರ ತಂದು ಅದರಲ್ಲಿನ ಉದ್ದ ಪದಗಳನ್ನು ಬಿಡಿಸಬೇಕಿತ್ತು. ಕೊನೆಯಲ್ಲಿ ಟೀಚರ್ 1996ರ ಗಿನ್ನೆಸ್ ಪುಸ್ತಕದಲ್ಲಿ ಬಂದಿದ್ದ 49 ಅಕ್ಷರದ ಪದ ಬರೆದರು. ಮಕ್ಕಳ ಕಾರ್ನಿವಲ್ ಮೆರವಣಿಗೆಯ ತಯಾರಿ ಕೆಲಸಗಳು, ಇಷ್ಟೂ ಒಂದೇ ಪದ. ‘ಕಿಂಡರ್’, ‘ಕಾರ್ನಾವಾಲ್ಸ್’, ‘ಒಪ್‌ಟೊಖ್ಟ್’, ‘ಫೋರ್‌ಬರೈಡಿಂಗ್ಸ್’, ‘ವೆರ್ಕ್‌ಝಾಮ್‌ಹೇಡನ್’ ಅಂತ ನಾಲ್ಕೂ ಜನ ತಡವರಿಸದೆ ಬಿಡಿಸಿದೆವು.

ಯಾರಿಗೆ ಸರಿ ಹೋಗುತ್ತೆ? ಎ2 ಅನ್ನುವ ಆರಂಭದ ಮಟ್ಟ ಮುಗಿಸಿ ಬಿ1 ಕಡೆ ಹೋಗುತ್ತಿರುವವರಿಗೆ. ಈಗ ತಾನೇ ಬಂದವರಿಗೆ ಬೇಡ, ಬಿಡಿ ಪದಗಳೇ ಗೊತ್ತಿಲ್ಲದಿದ್ದರೆ ಬಿಡಿಸಿ ಏನು ಮಾಡುವುದು. ಪಾಠ ಪೂರ್ತಿ ಡಚ್‌ನಲ್ಲೇ, ಟೀಚರ್ ನಿಧಾನಕ್ಕೆ ಮಾತಾಡುತ್ತಾರೆ. ಅವರಿಗೆ ಐದಕ್ಕೆ ಐದು, ಪುಸ್ತಕಕ್ಕೆ ಎರಡು, ಆ್ಯಪ್‌ಗೆ ಸೊನ್ನೆ. ಕೋಣೆ ಚಿಕ್ಕದು, ಹತ್ತು ಕುರ್ಚಿ. ರಸ್ತೆ ಕಡೆಯ ಕಿಟಕಿ ಪಕ್ಕ ಕೂತರೆ ಬಸ್ಸಿನ ಸದ್ದಿಗೆ ‘ಟ’, ‘ಡ’ ವ್ಯತ್ಯಾಸ ಕೇಳುವುದಿಲ್ಲ, ನಾಲ್ಕನೇ ವಾರವಾದರೂ ಮುಂದಿನ ಸಾಲಲ್ಲಿ ಕೂರಿ. ಮುಂದಿನ ತಂಡ ಸೆಪ್ಟೆಂಬರ್‌ನಲ್ಲಿ ಅಂದಿದ್ದಾರೆ. ಪುಸ್ತಕ ತೆಗೆದುಕೊಳ್ಳುವ ಮೊದಲು ಕುದುರೆ ಹೂವಿನ ಪುಟ ತೆರೆದು ನೋಡಿ. ಅದಕ್ಕೆ ‘ಎನ್’ ಇನ್ನೂ ಬಂದಿಲ್ಲದಿದ್ದರೆ ಆ 18 ಯೂರೋ ಉಳಿಸಿಕೊಂಡು ಒಂದು ದಪ್ಪ ನೋಟ್‌ಬುಕ್ ಕೊಳ್ಳಿ, ಟೀಚರ್ ಹೇಳುವುದನ್ನೆಲ್ಲಾ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲು ಜಾಗ ಬೇಕಾಗುತ್ತೆ.